ಕಣ್ಣಿಗೆ ಇ-ರೀಡರ್ ಬರೆದುಕೊಡಿ ಎನ್ನುವವರಿಗೆ

ವಾರಕ್ಕೊಬ್ಬರಾದರೂ ಕೇಳುತ್ತಾರೆ: "ಡಾಕ್ಟರೇ, ಇ-ರೀಡರ್ ಕೊಂಡರೆ ಕಣ್ಣಿಗೆ ಒಳ್ಳೆಯದಲ್ಲವೇ?" ಪುಸ್ತಕ ಓದಲೆಂದೇ ಮಾಡಿದ ಈ ಸಾಧನದ ಪರದೆ ಕಾಗದದಂತೆ, ಫೋನಿನ ಹಾಗೆ ಕಣ್ಣಿಗೆ ಬೆಳಕು ಚೆಲ್ಲುವುದಿಲ್ಲ ಎಂಬುದು ಅವರ ವಾದ. ಕೊಳ್ಳುವ ತೀರ್ಮಾನ ಆಗಲೇ ಆಗಿರುತ್ತದೆ. ನನ್ನಿಂದ ಬೇಕಿರುವುದು ಮನೆಯವರಿಗೆ ತೋರಿಸಲು ಒಂದು ಚೀಟಿ, ಅಷ್ಟೇ.

ಕಳೆದ ತಿಂಗಳು ಮೂವತ್ತರ ಆಸುಪಾಸಿನವರೊಬ್ಬರು ಕೊಂಡೇ ಬಂದಿದ್ದರು. ಮೂರು ತಿಂಗಳಾದರೂ ಕಣ್ಣುರಿ ಹೋಗಿಲ್ಲವೆಂದು ಅದನ್ನು ನನ್ನ ಮೇಜಿನ ಮೇಲಿಟ್ಟರು, ಕೆಟ್ಟ ಸಾಮಾನನ್ನು ಅಂಗಡಿಗೆ ಮರಳಿಸುವವರ ಹಾಗೆ. ಮನೆಯಲ್ಲಿ ಓದುವಂತೆಯೇ ಇಲ್ಲೂ ಓದಿ ಎಂದೆ. ಗದ್ದವನ್ನು ಎದೆಗೆ ಒತ್ತಿಕೊಂಡು, ಪರದೆಯನ್ನು ಮೂಗಿನಿಂದ ಒಂದು ಗೇಣಿನ ದೂರಕ್ಕೆ ತಂದುಕೊಂಡರು. ಅಕ್ಷರಗಳೋ ಇರುವೆ ಸಾಲು. ಅಷ್ಟು ಸಣ್ಣದೇಕೆ ಎಂದರೆ, "ದೊಡ್ಡದು ಮಾಡಿದರೆ ಪದೇ ಪದೇ ಪುಟ ತಿರುಗಿಸಬೇಕಲ್ಲ!" ಗಡಿಯಾರ ನೋಡಿ ಎಣಿಸಿದೆ. ಒಂದು ನಿಮಿಷದಲ್ಲಿ ನಾಲ್ಕೇ ಬಾರಿ ರೆಪ್ಪೆ ಬಡಿದರು. ಸುಮ್ಮನೆ ಕುಳಿತಿರುವಾಗ ಸಾಮಾನ್ಯವಾಗಿ ಸುಮಾರು 15 ಬಾರಿ ಬಡಿಯುತ್ತೇವೆ.

ರೆಪ್ಪೆ ಬಡಿಯದಿದ್ದರೆ ಕಣ್ಣೀರಿನ ಪದರ ಒಣಗುತ್ತದೆ, ಉರಿ ಹುಟ್ಟುವುದು ಅಲ್ಲಿ. ಮೈಮರೆತು ಓದುವಾಗ ಕಾಗದದ ಮುಂದೆಯೂ ಹೀಗೇ ಆಗುತ್ತದೆ. ಇನ್ನು ದಣಿವು. ಹತ್ತಿರದ್ದನ್ನು ಕಾಣಲು ಕಣ್ಣೊಳಗಿನ ಸ್ನಾಯು ಬಿಗಿದು ಮಸೂರವನ್ನು ಉಬ್ಬಿಸಬೇಕು. ಪುಸ್ತಕ 40 ಸೆಂಟಿಮೀಟರ್ ದೂರದಲ್ಲಿದ್ದರೆ ಎರಡೂವರೆ ಡಯಾಪ್ಟರ್ (ಮಸೂರದ ಶಕ್ತಿಯ ಅಳತೆ) ಕೆಲಸ, 20ಕ್ಕೆ ತಂದರೆ ಐದು, ಅಂದರೆ ದುಪ್ಪಟ್ಟು. ಈ ಲೆಕ್ಕದಲ್ಲಿ ಪರದೆಯ ಜಾತಿ ಎಲ್ಲಿಯೂ ಬರುವುದಿಲ್ಲ. ನೂರು ಸಲ ಹೇಳಿದ್ದೇನೆ, ಇನ್ನೊಮ್ಮೆ ಹೇಳುತ್ತೇನೆ: ದೂರ ಮತ್ತು ರೆಪ್ಪೆ. ಬೆಳಕಿನ ಮೇಲೆ ಹೊರಿಸುವ ಅಪವಾದದಲ್ಲಿ ಬಹುಪಾಲು ಇವೆರಡಕ್ಕೆ ಸೇರಬೇಕಾದದ್ದು.

ಇ-ರೀಡರಿನ ಇ-ಇಂಕ್ ಪರದೆಯ ಗುಣವನ್ನು ನಾನು ಅಲ್ಲಗಳೆಯುತ್ತಿಲ್ಲ. ವಿದ್ಯುದಾವೇಶವಿರುವ ಕಪ್ಪು, ಬಿಳಿ ಕಣಗಳು ಮೇಲೆ ಕೆಳಗೆ ಸರಿದು ಅಕ್ಷರ ಮೂಡುತ್ತದೆ. ಸುತ್ತಲಿನ ಬೆಳಕೇ ಅದನ್ನು ತೋರಿಸುತ್ತದೆ. ಬಿಸಿಲಿನಲ್ಲಿ ಕುಳಿತು ಓದಲು ಬಲು ಹಿತ. ಆದರೆ ಅದರ ಬಿಳುಪು ಒಳ್ಳೆಯ ಕಾಗದದಷ್ಟು ಬಿಳಿಯಲ್ಲ, ತುಸು ಬೂದು. ಕತ್ತಲಲ್ಲಿ ಓದಲು ಅಂಚಿನ ಪುಟ್ಟ ಎಲ್‌ಇಡಿಗಳು ಬೆಳಗಲೇಬೇಕು. ಕಣ್ಣಿನ ಹಿಂಬದಿಯಲ್ಲಿ ಚಿತ್ರ ಮೂಡುವ ಪದರದ, ಅಂದರೆ ಅಕ್ಷಿಪಟಲದ, ನಡುಭಾಗ ಸವೆದಿದ್ದ ಅಜ್ಜಿಯೊಬ್ಬರಿಗೆ ಇದು ಬೇಡ, ಟ್ಯಾಬ್ಲೆಟ್ ತೆಗೆದುಕೊಳ್ಳಿ ಎಂದು ನಾನೇ ಹೇಳಿದ್ದೆ. ಕಪ್ಪು ಹಿನ್ನೆಲೆ, ಬಿಳಿ ಅಕ್ಷರ, ಸಾಲಿಗೆ ಮೂರೇ ಪದ. ಮುಂದಿನ ಸಲ ಬಂದಾಗ ಅವರು ಕಣ್ಣಿನ ಮಾತು ಬಿಟ್ಟು ಕಾದಂಬರಿಯ ಕಥೆ ಹೇಳತೊಡಗಿದರು. ಹೊರಗೆ ರೋಗಿಗಳು ಕಾಯುತ್ತಿದ್ದರು, ನಾನೂ ತಡೆಯಲಿಲ್ಲ.

ಚಾಳೀಸು ಬಂದವರಿಗೆ, ತಿಂಗಳಿಗೆ ನಾಲ್ಕಾರು ಕಾದಂಬರಿ ಮುಗಿಸುವವರಿಗೆ ಇ-ರೀಡರ್ ಸಾರ್ಥಕವೇ. ಅಕ್ಷರ ಹಿಗ್ಗುತ್ತದೆ, ನಡುನಡುವೆ ಸಂದೇಶ ಬಂದು ಕಾಡುವುದಿಲ್ಲ. ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳನ್ನೇ ಓದುವವರಿಗೆ ಆರು ಇಂಚಿನ ಪರದೆ ಶಿಕ್ಷೆ. ಮಕ್ಕಳ ಕನ್ನಡಕದ ನಂಬರ್ ಏರುವುದು ಇದರಿಂದ ನಿಲ್ಲುತ್ತದೆಂದು ನಾನು ಬರೆದುಕೊಡಲಾರೆ. ಅವರನ್ನು ಬಯಲಿಗೆ ಆಡಲು ಕಳುಹಿಸಿ. ಉರಿಯ ಜೊತೆಗೆ ಕೆಂಪು, ನೋವು ಅಥವಾ ಮಂಜು ಇದ್ದರೆ ಮೊದಲು ತಪಾಸಣೆ, ಖರೀದಿ ಆಮೇಲೆ.

ಆ ಯುವಕರ ಸಾಧನದಲ್ಲಿ ಅಕ್ಷರವನ್ನು ಮೂರು ಹಂತ ದೊಡ್ಡದು ಮಾಡಿ, ಕೈ ನೀಡಿ ಹಿಡಿಯಲು ಹೇಳಿದೆ. ಎರಡು ಪುಟ ಓದಿ ಗೊಣಗಿದರು: "ನೋಡಿ, ಇಷ್ಟು ಬೇಗ ಪುಟ ಮುಗಿಯುತ್ತದೆ." ಒಳ್ಳೆಯದೇ ಆಯಿತು, ಪುಟ ತಿರುಗಿಸಿದಾಗಲೆಲ್ಲ ಒಮ್ಮೆ ಕಣ್ಣನ್ನು ಪೂರ್ತಿ ಮುಚ್ಚಿ ತೆರೆಯಿರಿ ಎಂದೆ.