ಗರಂ ಯಾರು, ನರಂ ಯಾರು: ಸಿಖ್ ರಾಜಕೀಯ ಓದುವಾಗ ನಾನು ಎಡವಿದ ಜಾಗ

ಪಂಜಾಬಿನ ರಾಜಕೀಯ ಓದಲು ಶುರು ಮಾಡಿ ಮೂರು ವಾರ ಆಯ್ತು. 'ಸಿಖ್ ರಾಜಕೀಯದಲ್ಲಿ ತೀವ್ರಗಾಮಿ ಮತ್ತು ಮಂದಗಾಮಿ ನಾಯಕತ್ವ' ಅನ್ನುವ ಪ್ರಶ್ನೆಗೆ ಎರಡು ಸಲ ಉತ್ತರ ಬರೆದೆ. ಎರಡನ್ನೂ ಹರಿದು ಹಾಕಿದೆ. ಈಗ ಸ್ವಲ್ಪ ಹಿಡಿತ ಸಿಕ್ಕಿದೆ ಅನ್ನಿಸುತ್ತಿದೆ. ತಲೆಯಲ್ಲಿ ಹಸಿಯಾಗಿರುವಾಗಲೇ ಬರೆದಿಡುತ್ತೇನೆ. ಇದೇ ಅಧ್ಯಾಯ ಓದುತ್ತಿರುವವರಿಗೂ ಆಗಬಹುದು.

ಮೊದಲು ತಪ್ಪು ಎಲ್ಲಾಯ್ತು ಅಂತ ಹೇಳ್ತೀನಿ. ಹೈಸ್ಕೂಲಿನಿಂದ ನಮಗೆ ಗೋಖಲೆ ಮಂದಗಾಮಿ, ತಿಲಕ್ ತೀವ್ರಗಾಮಿ ಅಂತ ಬಾಯಿಪಾಠ ಆಗಿದೆ ಅಲ್ವಾ? ಅದೇ ಅಚ್ಚಿನಲ್ಲಿ ನಾನೂ ಹಾಳೆಯ ನಡುವೆ ಗೀಟು ಎಳೆದೆ. ಎಡಗಡೆ ಮಂದಗಾಮಿಗಳು: ಸಂತ್ ಫತೇ ಸಿಂಗ್, ಲೋಂಗೋವಾಲ್, ಬರ್ನಾಲಾ, ಬಾದಲ್. ಬಲಗಡೆ ತೀವ್ರಗಾಮಿಗಳು: ಮಾಸ್ಟರ್ ತಾರಾ ಸಿಂಗ್, ಭಿಂದ್ರನ್‌ವಾಲೆ, ಸಿಮ್ರನ್‌ಜಿತ್ ಸಿಂಗ್ ಮಾನ್. ನೋಡಲು ಚೆಂದ ಇತ್ತು. ಆದರೆ ಓದುತ್ತಾ ಹೋದ ಹಾಗೆ ಎಡಗಡೆಯವರು ಬಲಕ್ಕೆ ಜಿಗಿಯಲು ಶುರು ಮಾಡಿದರು. ಮೆದು ಮನುಷ್ಯ ಅಂತ ನಾನು ಬರೆದಿದ್ದ ಫತೇ ಸಿಂಗ್, ಬೇಡಿಕೆ ಈಡೇರದಿದ್ದರೆ ಬೆಂಕಿಗೆ ಹಾರಿ ಪ್ರಾಣ ಕೊಡುತ್ತೇನೆ ಅಂತ ಅಗ್ನಿಕುಂಡ ಕಟ್ಟಿಸಿದವರು. ಹಿಂದೆ ಎರಡು ಸಲ ಮುಖ್ಯಮಂತ್ರಿ ಆಗಿದ್ದ, ಮುಂದೆ ಬಿಜೆಪಿ ಜೊತೆ ಸರ್ಕಾರ ಮಾಡಿದ ಪ್ರಕಾಶ್ ಸಿಂಗ್ ಬಾದಲ್, 1984ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಸಂವಿಧಾನದ 25ನೇ ವಿಧಿಯ ಪ್ರತಿ ಹರಿದು ಬಂಧನಕ್ಕೆ ಒಳಗಾದವರು. ಆ ವಿಧಿಯ ವಿವರಣೆಯಲ್ಲಿ ಸಿಖ್ಖರನ್ನು ಹಿಂದೂಗಳ ಜೊತೆ ಸೇರಿಸಿದ್ದಾರೆ ಅನ್ನುವುದು ಅವರ ತಕರಾರು.

ಹಾಗಾದ್ರೆ ಕಾಲಂ ಹಾಕೋದೇ ತಪ್ಪಾ? ಹೌದು, ಹೆಸರುಗಳ ಕಾಲಂ ತಪ್ಪು.

ಪಂಜಾಬಿನಲ್ಲಿ ಬಳಸುವ ಪದಗಳನ್ನು ನೋಡಿದಾಗ ನನಗೆ ಒಂದು ದಾರಿ ಕಂಡಿತು. ಅಲ್ಲಿ 'ಗರಂ ಖಯಾಲಿ', 'ನರಂ ಖಯಾಲಿ' ಅನ್ನುತ್ತಾರೆ. ಬಿಸಿ ವಿಚಾರದವರು, ಮೆದು ವಿಚಾರದವರು. ಬಿಸಿ ಅನ್ನುವುದು ಏರುತ್ತದೆ, ಇಳಿಯುತ್ತದೆ. ಒಬ್ಬನೇ ನಾಯಕ ಒಂದು ದಶಕದಲ್ಲಿ ಕುದಿಯಬಹುದು, ಇನ್ನೊಂದರಲ್ಲಿ ಆರಬಹುದು. ನಮ್ಮ 'ಗಾಮಿ' ಪದಗಳಲ್ಲಿ ಆ ಏರಿಳಿತಕ್ಕೆ ಜಾಗವೇ ಇಲ್ಲ.

ಹಿನ್ನೆಲೆ, ಬೇಗ ಮುಗಿಸುತ್ತೇನೆ

1920ರ ನವೆಂಬರ್‌ನಲ್ಲಿ ಗುರುದ್ವಾರಗಳ ಆಡಳಿತಕ್ಕೆ ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿ ಹುಟ್ಟಿತು. ಡಿಸೆಂಬರ್‌ನಲ್ಲಿ ಮುಂದೆ ಸಿಖ್ಖರ ರಾಜಕೀಯ ಪಕ್ಷವಾದ ಅಕಾಲಿ ದಳ. 1925ರಲ್ಲಿ ಗುರುದ್ವಾರ ಕಾಯ್ದೆ ಬಂತು, ಸಮಿತಿಗೆ ಚುನಾವಣೆ ಬಂತು. 1966ರ ನವೆಂಬರ್ 1ಕ್ಕೆ ಪಂಜಾಬಿ ಸುಬಾ, ಅಂದರೆ ಪಂಜಾಬಿ ಮಾತಾಡುವವರ ರಾಜ್ಯ. ದಿನಾಂಕ ನೆನಪಿಡುವುದು ನಮಗೆ ಸುಲಭ. ನಮ್ಮ ರಾಜ್ಯ ಒಂದಾದ ದಿನವೇ, ಸರಿಯಾಗಿ ಹತ್ತು ವರ್ಷ ಆದ ಮೇಲೆ. 1956ರಲ್ಲಿ ಕನ್ನಡಿಗರಿಗೆ ಸಿಕ್ಕಿದ್ದು ಅವರಿಗೆ ಆಗ ಸಿಗಲಿಲ್ಲ. ಆ ಹತ್ತು ವರ್ಷದ ಕಾಯುವಿಕೆಯಲ್ಲೇ ಈ ಅಧ್ಯಾಯದ ಅರ್ಧ ಕಥೆ ಇದೆ.

ಇನ್ನೊಂದು ವಿಷಯ. ಧರ್ಮ ಬೇರೆ, ರಾಜಕೀಯ ಬೇರೆ ಅಂತ ಇಲ್ಲಿ ಓದಲು ಆಗುವುದಿಲ್ಲ. ಆರನೇ ಗುರು ಹರಗೋಬಿಂದ್ ಎರಡು ಕತ್ತಿ ಧರಿಸಿದರು: ಮೀರಿ ಅಂದರೆ ಲೌಕಿಕ ಅಧಿಕಾರ, ಪೀರಿ ಅಂದರೆ ಆಧ್ಯಾತ್ಮಿಕ ಅಧಿಕಾರ. ಅಮೃತಸರದಲ್ಲಿ ಹರಿಮಂದಿರದ, ಅಂದರೆ ಸ್ವರ್ಣಮಂದಿರದ, ಎದುರಿಗೇ ಲೌಕಿಕ ಅಧಿಕಾರದ ಪೀಠವಾದ ಅಕಾಲ್ ತಖ್ತ್ ಇರುವುದು ಇದೇ ಕಾರಣಕ್ಕೆ. ಇದು ಗೊತ್ತಿದ್ದರೆ ಸಾಕು, ಮುಂದಕ್ಕೆ ಹೋಗೋಣ.

ನಾನು ಸಿಕ್ಕಿಬಿದ್ದ ಗಂಟು: ಅರ್ದಾಸ್

ಇದನ್ನು ಜಾಸ್ತಿ ಉದ್ದ ಬರೆಯುತ್ತೇನೆ, ಯಾಕೆಂದರೆ ನನಗೆ ಅರ್ಥ ಆಗಲು ಜಾಸ್ತಿ ಹೊತ್ತು ಹಿಡಿದಿದ್ದು ಇದೇ.

ಅರ್ದಾಸ್ ಅಂದರೆ ಎದ್ದು ನಿಂತು, ಕೈಮುಗಿದು ಮಾಡುವ ಪ್ರಾರ್ಥನೆ. ಇದು ಪ್ರತಿದಿನವೂ ನಡೆಯುತ್ತದೆ. ಆದರೆ ನಾಯಕನೊಬ್ಬ ಅಕಾಲ್ ತಖ್ತ್ ಎದುರು ಅರ್ದಾಸ್ ಮಾಡಿ ಉಪವಾಸಕ್ಕೆ ಕೂತರೆ, ಅದು ದೇವರ ಮುಂದೆ, ಇಡೀ ಪಂಥದ, ಅಂದರೆ ಸಿಖ್ ಸಮುದಾಯದ, ಮುಂದೆ ಕೊಟ್ಟ ಮಾತು. ನಾನು ಇದನ್ನು ನಮ್ಮ ಹರಕೆಯ ಹಾಗೆ ಅಂದುಕೊಂಡಿದ್ದೆ. ಹರಕೆ ತಡವಾದರೆ ತಪ್ಪು ಕಾಣಿಕೆ ಕಟ್ಟಿ ಕ್ಷಮೆ ಕೇಳುತ್ತೇವೆ, ಅದು ನಮಗೂ ದೇವರಿಗೂ ಬಿಟ್ಟಿದ್ದು. ಅರ್ದಾಸ್ ಮುರಿದರೆ ಹಾಗಲ್ಲ. ಅದನ್ನು ವಿಚಾರಿಸುವವರು ಇದ್ದಾರೆ.

ಈಗ 1961ಕ್ಕೆ ಬನ್ನಿ. ತಾರಾ ಸಿಂಗ್ ಆ ಹೊತ್ತಿಗೆ ದಶಕಗಳಿಂದ ಪಂಥದ ದೊಡ್ಡ ದನಿ. 1947ರ ಮಾರ್ಚ್‌ನಲ್ಲಿ ಲಾಹೋರಿನ ಶಾಸನಸಭೆಯ ಮೆಟ್ಟಿಲ ಮೇಲೆ ಕಿರ್ಪಾಣ್ (ಸಿಖ್ಖರ ಕತ್ತಿ) ಹಿರಿದು ನಿಂತ ಮನುಷ್ಯ. 1961ರ ಆಗಸ್ಟ್ 15ರಂದು, ಪಂಜಾಬಿ ಸುಬಾ ಸಿಗುವವರೆಗೆ ಅನ್ನ ಮುಟ್ಟುವುದಿಲ್ಲ ಅಂತ ಅರ್ದಾಸ್ ಮಾಡಿ ಕೂತರು. 48ನೇ ದಿನ, ಅಕ್ಟೋಬರ್ 1ಕ್ಕೆ ಉಪವಾಸ ಬಿಟ್ಟರು. ಕೈಗೆ ಬಂದಿದ್ದು ಒಂದು ವಿಚಾರಣಾ ಆಯೋಗದ ಭರವಸೆ. ಅದು ಮುಂದೆ ಎಸ್.ಆರ್. ದಾಸ್ ಆಯೋಗ ಆಯ್ತು, ಸಿಖ್ಖರಿಗೆ ತಾರತಮ್ಯ ಆಗಿಲ್ಲ ಅಂತ ಹೇಳಿತು. ಸುಬಾ ಬರಲಿಲ್ಲ.

ಆಮೇಲೆ ನಡೆದದ್ದು ನೋಡಿ. ಪಂಜ್ ಪ್ಯಾರೇ, ಅಂದರೆ ಐದು ಜನ ಪ್ರಿಯರು, ವಿಚಾರಣೆಗೆ ಕೂತರು. ಈ ಪದ 1699ರಲ್ಲಿ ಗುರು ಗೋಬಿಂದ್ ಸಿಂಗ್ ಕರೆದಾಗ ತಲೆ ಕೊಡಲು ಎದ್ದು ಬಂದ ಐವರಿಂದ ಬಂದದ್ದು. ಆ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರಿನವರು. ಅವರ ಜಾಗದಲ್ಲಿ ಕೂತ ಐವರು, ತಾರಾ ಸಿಂಗ್ ಅರ್ದಾಸ್ ಮುರಿದದ್ದು ತಪ್ಪು ಅಂತ ತೀರ್ಪು ಕೊಟ್ಟರು. ಶಿಕ್ಷೆ ಏನು? ಅಖಂಡ ಪಾಠ, ಅಂದರೆ ಗುರು ಗ್ರಂಥದ ನಿಲ್ಲದ ಪಾರಾಯಣ, ಮಾಡಿಸಬೇಕು, ಒಂದು ತಿಂಗಳು ದಿನಾ ಹೆಚ್ಚಿನ ಪಠಣ ಮಾಡಬೇಕು. ಐದು ದಿನ ಲಂಗರಿನ, ಅಂದರೆ ಗುರುದ್ವಾರದ ಸಾಮೂಹಿಕ ಊಟದ, ಪಾತ್ರೆ ತೊಳೆಯಬೇಕು, ಸಂಗತ್‌ಗೆ (ಭಕ್ತರ ಸಭೆಗೆ) ಬಂದವರ ಚಪ್ಪಲಿ ಒರೆಸಬೇಕು. ಎಪ್ಪತ್ತು ದಾಟಿದ ಮನುಷ್ಯ, ಬಿಳಿ ಗಡ್ಡ, ಗುರುದ್ವಾರದ ಬಾಗಿಲಲ್ಲಿ ಕೂತು ಗುರುತಿಲ್ಲದವರ ಪಾದರಕ್ಷೆ ಒರೆಸುತ್ತಿದ್ದರು. ಈ ಶಿಕ್ಷೆಗೆ ತನ್‌ಖಾಹ್ ಅಂತ ಹೆಸರು. ಹಿಂದಿಯಲ್ಲಿ ಇದೇ ಪದಕ್ಕೆ ಸಂಬಳ ಅಂತ ಅರ್ಥ ಇರುವುದರಿಂದ ನಾನು ಒಂದು ಪುಟ ಪೂರ್ತಿ ತಪ್ಪಾಗಿ ಓದಿದ್ದೆ. ನೀವು ಆ ತಪ್ಪು ಮಾಡಬೇಡಿ.

ಇಲ್ಲಿಂದ ತಾರಾ ಸಿಂಗ್ ಕುಸಿದರು. 1962ರಲ್ಲಿ ಫತೇ ಸಿಂಗ್ ಬೇರೆ ದಳ ಕಟ್ಟಿದರು, 1965ರ ಗುರುದ್ವಾರ ಚುನಾವಣೆಯಲ್ಲಿ ಗೆದ್ದರು. ನನ್ನ ಹಳೆಯ ಉತ್ತರದಲ್ಲಿ 'ಜನ ತೀವ್ರಗಾಮಿಯನ್ನು ಬಿಟ್ಟು ಮಂದಗಾಮಿಯನ್ನು ಆರಿಸಿದರು' ಅಂತ ಬರೆದಿದ್ದೆ. ಈಗ ಅದನ್ನು ಒಪ್ಪುವುದಿಲ್ಲ. ತಾರಾ ಸಿಂಗ್ ಜಾಸ್ತಿ ಗರಂ ಆದರು ಅಂತ ಜನ ಬಿಟ್ಟಿದ್ದಲ್ಲ. ಹೇಳಿದಷ್ಟು ಗರಂ ಆಗಿ ಕೊನೆವರೆಗೆ ನಿಲ್ಲಲಿಲ್ಲ ಅನ್ನುವುದು ಜನರ ಸಿಟ್ಟು.

ಫತೇ ಸಿಂಗ್ ವಿಷಯದಲ್ಲಿ ಎರಡು ಸಂಗತಿ ಬೇರೆ ಬೇರೆ ಇಟ್ಟುಕೊಳ್ಳಬೇಕು. ಬೇಡಿಕೆ ಒಂದು, ವಿಧಾನ ಒಂದು. ಅವರ ಬೇಡಿಕೆ ನರಂ. ಸುಬಾದಲ್ಲಿ ಸಿಖ್ಖರು ಎಷ್ಟು, ಹಿಂದೂಗಳು ಎಷ್ಟು ಅನ್ನುವ ಲೆಕ್ಕ ನನಗೆ ಬೇಡ, ಭಾಷೆಯ ಮೇಲೆ ರಾಜ್ಯ ಕೊಡಿ ಅನ್ನುವ ನಿಲುವು. ದೆಹಲಿಗೆ ಇದು ಕೇಳಬಲ್ಲ ಮಾತು, ಬೇರೆಯವರಿಗೆ ಕೊಟ್ಟಿದ್ದೇ ಅಲ್ವಾ? ಆದರೆ ವಿಧಾನ ಗರಂ. 1960ರ ಡಿಸೆಂಬರ್ 18ರಿಂದ 1961ರ ಜನವರಿ 9ರವರೆಗೆ ಒಂದು ಉಪವಾಸ. ಸುಬಾ ಸಿಕ್ಕ ಮೇಲೆ, ಚಂಡೀಗಢವನ್ನು ಪಂಜಾಬಿಗೇ ಕೊಡಿ ಅಂತ, 1966ರ ಡಿಸೆಂಬರ್ 17ರಿಂದ ಮತ್ತೊಂದು, 27ರಂದು ಬೆಂಕಿಗೆ ಬೀಳುವ ಶಪಥದೊಂದಿಗೆ. ಇಂದಿರಾ ಗಾಂಧಿ ಮಧ್ಯಸ್ಥಿಕೆಗೆ ಒಪ್ಪಿದ್ದಾರೆ ಅನ್ನುವ ಮಾತು ಲೋಕಸಭೆಯ ಸ್ಪೀಕರ್ ಹುಕುಂ ಸಿಂಗ್ ಮೂಲಕ ಬಂತು, ಫತೇ ಸಿಂಗ್ ಹಿಂದೆ ಸರಿದರು. ತಾರಾ ಸಿಂಗ್ ಬಿದ್ದ ಹಳ್ಳಕ್ಕೇ ಇವರೂ ಬಂದು ನಿಂತರು.

ಆಗ ಬರುತ್ತಾರೆ ದರ್ಶನ್ ಸಿಂಗ್ ಫೇರುಮಾನ್. ಈ ಹೆಸರು ನನ್ನ ಯಾವ ಕಾಲಂನಲ್ಲೂ ಇರಲಿಲ್ಲ. ಒಂದು ಕಾಲಕ್ಕೆ ಕಾಂಗ್ರೆಸ್‌ನಿಂದ ರಾಜ್ಯಸಭೆಗೆ ಹೋದವರು, ಆಮೇಲೆ ಸ್ವತಂತ್ರ ಪಕ್ಷ. ಅರ್ದಾಸ್ ಮಾಡಿದ ನಾಯಕರು ಮಾತು ತಪ್ಪಿದ್ದಾರೆ, ಆ ಕಳಂಕ ತೊಳೆಯಬೇಕು ಅಂತ 1969ರ ಆಗಸ್ಟ್ 15ರಂದು ಉಪವಾಸಕ್ಕೆ ಕೂತರು. ವಯಸ್ಸು ಎಂಬತ್ತರ ಮೇಲೆ. 74ನೇ ದಿನ, ಅಕ್ಟೋಬರ್ 27ಕ್ಕೆ ತೀರಿಕೊಂಡರು. ಅವರು ಕೇಳಿದ್ದು ಎಲ್ಲರೂ ಕೇಳುತ್ತಿದ್ದ ಚಂಡೀಗಢವನ್ನೇ. ಬೇಡಿಕೆಯಲ್ಲಿ ಹೊಸದಾಗಿ ತೀವ್ರವಾದದ್ದು ಏನೂ ಇಲ್ಲ. ಕೊಟ್ಟ ಮಾತಿನ ತನಕ ಹೋದರು, ಅಷ್ಟೇ. ಈ ಒಬ್ಬ ಮನುಷ್ಯನಿಂದ ನನಗೆ ಇಡೀ ಅಧ್ಯಾಯ ಬಿಚ್ಚಿಕೊಂಡಿತು. ಸಿಖ್ ರಾಜಕೀಯದಲ್ಲಿ ಬಿಸಿಯನ್ನು ಅಳೆಯುವುದು ಬೇಡಿಕೆ ಎಷ್ಟು ದೊಡ್ಡದು ಅನ್ನುವುದರಿಂದ ಅಲ್ಲ, ಮಾತಿಗೆ ಎಷ್ಟು ಬೆಲೆ ತೆರುತ್ತೀರಿ ಅನ್ನುವುದರಿಂದ.

1925ರಲ್ಲೂ ಇದೇ

ಇದು ಗೊತ್ತಾದ ಮೇಲೆ ಹಿಂದಕ್ಕೆ ಹೋಗಿ ಗುರುದ್ವಾರ ಕಾಯ್ದೆಯ ಭಾಗ ಮತ್ತೆ ಓದಿದೆ. ಪಂಜಾಬಿನ ಗವರ್ನರ್ ಹೈಲಿ ಜೈಲಿನಲ್ಲಿದ್ದ ಅಕಾಲಿ ನಾಯಕರಿಗೆ ಷರತ್ತು ಹಾಕಿದ: ಕಾಯ್ದೆಯ ಪ್ರಕಾರ ನಡೆಯುತ್ತೇವೆ ಅಂತ ಬರೆದುಕೊಟ್ಟರೆ ಬಿಡುಗಡೆ. ಮೆಹ್ತಾಬ್ ಸಿಂಗ್ ಮತ್ತು ಸುಮಾರು 20 ಜನ ಒಪ್ಪಿ ಹೊರಗೆ ಬಂದರು. ತೇಜಾ ಸಿಂಗ್ ಸಮುಂದ್ರಿ, ತಾರಾ ಸಿಂಗ್ ಮುಂತಾದವರು ಒಪ್ಪಲಿಲ್ಲ. ಗಮನಿಸಿ, ಕಾಯ್ದೆ ಜೈಲಿನಲ್ಲಿ ಉಳಿದವರಿಗೂ ಬೇಕಿತ್ತು, ಹೊರಗೆ ಬಂದವರಿಗೂ ಬೇಕಿತ್ತು. ಜಗಳ ಸಹಿಯ ಬಗ್ಗೆ ಮಾತ್ರ. ಸಮುಂದ್ರಿ 1926ರ ಜುಲೈನಲ್ಲಿ ಲಾಹೋರ್ ಜೈಲಿನಲ್ಲೇ ತೀರಿಕೊಂಡರು. ಪ್ರಬಂಧಕ ಸಮಿತಿಯ ಕಚೇರಿ ಇರುವ ಭವನಕ್ಕೆ ಇವತ್ತಿಗೂ ಅವರದೇ ಹೆಸರು.

ಮೂರು ಕುರ್ಚಿ ಸೂತ್ರ

ಇದು ನನ್ನ ನೆಚ್ಚಿನ ಸೂತ್ರ, 1970ರ ನಂತರದ ಕಾಲಕ್ಕೆ ಚೆನ್ನಾಗಿ ಒದಗುತ್ತದೆ. ಅಕಾಲಿ ರಾಜಕೀಯದಲ್ಲಿ ಮೂರು ಕುರ್ಚಿ: ಮುಖ್ಯಮಂತ್ರಿ, ದಳದ ಅಧ್ಯಕ್ಷ, ಪ್ರಬಂಧಕ ಸಮಿತಿಯ ಅಧ್ಯಕ್ಷ. ಚಂಡೀಗಢದ ಕುರ್ಚಿಯಲ್ಲಿ ಕೂತವನು ಸಾಮಾನ್ಯವಾಗಿ ನರಂ ಆಗುತ್ತಾನೆ. ಅವನಿಗೆ ಬಜೆಟ್ ಬೇಕು, ಹಿಂದೂ ಮತ ಬೇಕು, ಕೇಂದ್ರದ ಜೊತೆ ಮಾತು ಬೇಕು. ಅಮೃತಸರದ, ಅಂದರೆ ಪ್ರಬಂಧಕ ಸಮಿತಿಯ, ಕುರ್ಚಿಯಲ್ಲಿ ಕೂತವನಿಗೆ ಮತ ಹಾಕುವವರು ಸಿಖ್ಖರು ಮಾತ್ರ. ಬಾದಲ್ ಮತ್ತು ಬಹುಕಾಲ ಸಮಿತಿಯ ಅಧ್ಯಕ್ಷರಾಗಿದ್ದ ತೋಹ್ರಾ ಜೋಡಿಯನ್ನು ಹೀಗೆ ನೋಡಿದರೆ ಸ್ಪಷ್ಟವಾಗುತ್ತದೆ. ಬಾದಲ್ ಕುರ್ಚಿಯಿಂದ ಇಳಿದಾಗ 25ನೇ ವಿಧಿ ಹರಿದರು. 1996ರಲ್ಲಿ ಮೋಗಾ ಸಮಾವೇಶದಲ್ಲಿ ಪಂಜಾಬಿಯತ್, ಅಂದರೆ ಧರ್ಮ ಮೀರಿದ ಪಂಜಾಬಿತನ, ಅಂದರು, 1997ರಲ್ಲಿ ಮತ್ತೆ ಮುಖ್ಯಮಂತ್ರಿ ಆದರು.

ಒಂದು ಎಚ್ಚರಿಕೆ. ಭಿಂದ್ರನ್‌ವಾಲೆಗೆ ಈ ಸೂತ್ರ ಒಗ್ಗುವುದಿಲ್ಲ. ಅವರು ದಮ್‌ದಮಿ ಟಕ್ಸಾಲ್ ಅನ್ನುವ ಸಿಖ್ ಧಾರ್ಮಿಕ ಪಾಠಶಾಲೆಯ ಮುಖ್ಯಸ್ಥ, ಮೂರು ಕುರ್ಚಿಯಲ್ಲಿ ಯಾವುದೂ ಅವರದಲ್ಲ, ಸುತ್ತ ಬಂದೂಕು ಹಿಡಿದವರು ಇದ್ದರು. ಪ್ರಾಣ ಕೊಡುವ ಬಿಸಿ ಬೇರೆ, ಪ್ರಾಣ ತೆಗೆಯುವ ಬಿಸಿ ಬೇರೆ. ಫೇರುಮಾನ್ ಮತ್ತು ಭಿಂದ್ರನ್‌ವಾಲೆ ಇಬ್ಬರನ್ನೂ 'ತೀವ್ರಗಾಮಿ' ಅನ್ನುವ ಒಂದೇ ಪದದಡಿ ತುರುಕಬೇಡಿ. ಪರೀಕ್ಷೆಗೂ ತಪ್ಪು, ನ್ಯಾಯಕ್ಕೂ ತಪ್ಪು.

ನರಂ ನಾಯಕನ ಕೈಯಲ್ಲಿ ಏನಿದೆ?

1982ರ ಆಗಸ್ಟ್ 4ಕ್ಕೆ ಅಕಾಲಿಗಳ ಚಳವಳಿ, ಧರ್ಮಯುದ್ಧ ಮೋರ್ಚಾ, ಶುರುವಾಯಿತು. ದಳದ ಅಧ್ಯಕ್ಷ ಹರ್‌ಚಂದ್ ಸಿಂಗ್ ಲೋಂಗೋವಾಲ್ ಅದನ್ನು ನಡೆಸಿದ್ದು ಅದೇ ಸಮುಂದ್ರಿ ಭವನದಿಂದ. ಭಿಂದ್ರನ್‌ವಾಲೆ ಮೊದಲು ಗುರುನಾನಕ್ ನಿವಾಸದಲ್ಲಿ, 1983ರ ಕೊನೆಗೆ ಅಕಾಲ್ ತಖ್ತ್‌ನಲ್ಲಿ. ಒಂದೇ ಆವರಣ, ನಡೆದರೆ ಕೆಲವೇ ನಿಮಿಷದ ದಾರಿ. 1984ರ ಜೂನ್‌ನಲ್ಲಿ ಸೇನೆ ಒಳಗೆ ಹೋಯಿತು, ಆ ವರ್ಷದ ನವೆಂಬರ್‌ನಲ್ಲಿ ದೆಹಲಿಯಲ್ಲಿ ಸಿಖ್ಖರ ಹತ್ಯಾಕಾಂಡ ನಡೆಯಿತು. ಅಷ್ಟೆಲ್ಲ ಆದ ಮೇಲೂ ಲೋಂಗೋವಾಲ್ 1985ರ ಜುಲೈ 24ರಂದು ರಾಜೀವ್ ಗಾಂಧಿ ಜೊತೆ ಒಪ್ಪಂದಕ್ಕೆ ಸಹಿ ಹಾಕಿದರು. ಒಂದು ತಿಂಗಳೂ ಆಗಿರಲಿಲ್ಲ, ಆಗಸ್ಟ್ 20ಕ್ಕೆ ಶೇರ್‌ಪುರದ ಗುರುದ್ವಾರದಲ್ಲಿ ಅವರನ್ನು ಗುಂಡಿಟ್ಟು ಕೊಂದರು.

ಆದರೂ ಜನ ಒಪ್ಪಂದದ ಕಡೆಗೇ ನಿಂತರು ಅನ್ನುವುದನ್ನು ಮರೆಯಬಾರದು. ಸೆಪ್ಟೆಂಬರ್ ಚುನಾವಣೆಯಲ್ಲಿ ಅಕಾಲಿ ದಳಕ್ಕೆ 73 ಸ್ಥಾನ, ಸುರ್ಜಿತ್ ಸಿಂಗ್ ಬರ್ನಾಲಾ ಮುಖ್ಯಮಂತ್ರಿ. ಒಪ್ಪಂದದ ಪ್ರಕಾರ 1986ರ ಜನವರಿ 26ಕ್ಕೆ ಚಂಡೀಗಢ ಪಂಜಾಬಿಗೆ ಬರಬೇಕಿತ್ತು. ಬರಲಿಲ್ಲ. ಅದೇ ದಿನ ಅಮೃತಸರದಲ್ಲಿ ಗರಂ ಗುಂಪುಗಳು ಸರ್ಬತ್ ಖಾಲ್ಸಾ, ಅಂದರೆ ಸಿಖ್ಖರ ಮಹಾಸಭೆ, ಸೇರಿಸಿದವು. ಈ ಎರಡು ಸಾಲನ್ನು ನಾನು ಕೆಂಪು ಪೆನ್ನಿನಲ್ಲಿ ಪಕ್ಕಪಕ್ಕ ಬರೆದುಕೊಂಡಿದ್ದೇನೆ. ನರಂ ನಾಯಕನ ಬಂಡವಾಳ ಅವನ ಹತ್ತಿರ ಇರುವುದಿಲ್ಲ, ದೆಹಲಿಯ ಹತ್ತಿರ ಇರುತ್ತದೆ. ಅಲ್ಲಿಂದ ಮಾತು ನಡೆಯದಿದ್ದರೆ ಊರಿಗೆ ಬರಿಗೈಯಲ್ಲಿ ಬರುವವನು ಅವನೇ. 1961ರಲ್ಲಿ ಆಯೋಗ, 1966ರಲ್ಲಿ ಮಧ್ಯಸ್ಥಿಕೆ, 1985ರಲ್ಲಿ ಒಪ್ಪಂದ. ಮೂರು ಸಲವೂ ಕಾಗದ ಬಂತು, ಕೇಳಿದ್ದು ಬರಲಿಲ್ಲ.

ಬರ್ನಾಲಾ 1986ರ ಏಪ್ರಿಲ್ 30ಕ್ಕೆ ಪೊಲೀಸರನ್ನು ಸ್ವರ್ಣಮಂದಿರದೊಳಗೆ ಕಳಿಸಿದರು. ಬಾದಲ್ ಸೇರಿ 27 ಶಾಸಕರು ಬೇರೆಯಾದರು. 1987ರಲ್ಲಿ ಅಕಾಲ್ ತಖ್ತ್ ಬರ್ನಾಲಾ ಅವರನ್ನು ಪಂಥದಿಂದ ಹೊರಗಿಟ್ಟಿತು. 1988ರ ಡಿಸೆಂಬರ್‌ನಲ್ಲಿ ಅವರೇ ಬಂದು ತಲೆಬಾಗಿದರು. ಮಾಜಿ ಮುಖ್ಯಮಂತ್ರಿಯ ಕೊರಳಿಗೆ ಫಲಕ ಹಾಕಿ ಕಂಬಕ್ಕೆ ಹಗ್ಗದಿಂದ ಕಟ್ಟಿದರು.

ಮುಂದಿನ ವಾರ 1989ರ ಲೋಕಸಭೆ ಓದಬೇಕು. ಮಾನ್ ಬಣ 13ರಲ್ಲಿ 6 ಗೆದ್ದ ಚುನಾವಣೆ ಅದು. ಆಮೇಲೆ 2024ರ ಡಿಸೆಂಬರ್. ಕಾಲಿಗೆ ಪೆಟ್ಟಾಗಿದ್ದ ಸುಖ್‌ಬೀರ್ ಸಿಂಗ್ ಬಾದಲ್ (ಪ್ರಕಾಶ್ ಸಿಂಗ್ ಬಾದಲ್ ಅವರ ಮಗ) ತನ್‌ಖಾಹ್ ತೀರಿಸಲು ಕೊರಳಲ್ಲಿ ಫಲಕ, ಕೈಯಲ್ಲಿ ಈಟಿ ಹಿಡಿದು, ಗಾಲಿಕುರ್ಚಿಯಲ್ಲಿ ಸ್ವರ್ಣಮಂದಿರದ ಬಾಗಿಲು ಕಾಯಲು ಕೂತಿದ್ದರು. ಅಲ್ಲೇ ಅವರ ಮೇಲೆ ಗುಂಡು ಹಾರಿತು, ತಗಲಲಿಲ್ಲ. ಆ ಚಿತ್ರ ಪತ್ರಿಕೆಯಲ್ಲಿ ನೋಡಿದ್ದಾಗ ನನಗೆ ಏನೂ ಅರ್ಥ ಆಗಿರಲಿಲ್ಲ. ನಿನ್ನೆ ಮತ್ತೆ ತೆಗೆದು ನೋಡಿದೆ. ಅದರ ಹಿಂದೆ ಚಪ್ಪಲಿ ಒರೆಸುತ್ತಿರುವ ತಾರಾ ಸಿಂಗ್ ಕಂಡರು.