ವಪೆ ಅದುರಿದಾಗ: ಮುನ್ನೂರು ವರ್ಷ ಹಳೆಯ ರೋಗಿಯೊಬ್ಬ ಕಂಡುಕೊಂಡದ್ದು

‘ಎದೆ ಹಾರುತ್ತದೆ’ ಎನ್ನುತ್ತ ಚಿಂಚೋಳಿಯಿಂದಲೋ ಸೇಡಂನಿಂದಲೋ ಕಲಬುರಗಿಗೆ ಬಂದವರಿಗೆ ಮೊದಲು ಇಸಿಜಿ ಮಾಡುತ್ತಾರೆ. ಹೃದಯವನ್ನು ಮೊದಲು ನೋಡುವುದು ಸರಿಯೇ. ಆದರೆ ಅದರಲ್ಲಿ ಏನೂ ಸಿಗದಿದ್ದಾಗ ಉಬ್ಬಸದ ಔಷಧಿ, ಅದೂ ನಾಟದಿದ್ದರೆ ‘ಮನಸ್ಸಿನ ಕಾಯಿಲೆ’ ಎಂಬ ಹಣೆಪಟ್ಟಿ, ಆಮೇಲೆ ಹೈದರಾಬಾದಿನ ರೈಲು. ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು, ಅಂದರೆ ವಪೆ, ತನ್ನಷ್ಟಕ್ಕೆ ತಾನೇ ಅದುರುವ ಅಪರೂಪದ ರೋಗಿಗಳು ಈ ದಾರಿಯಲ್ಲೇ ಕಳೆದುಹೋಗುತ್ತಾರೆ.

ಈ ರೋಗವನ್ನು ಮೊದಲು ವಿವರಿಸಿದವನು ವೈದ್ಯನಲ್ಲ, ರೋಗಿ. ಸೂಕ್ಷ್ಮದರ್ಶಕದಲ್ಲಿ ಜೀವಾಣುಗಳನ್ನು ಕಂಡ, ನೆದರ್‌ಲ್ಯಾಂಡ್ಸಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೇವನ್‌ಹುಕ್. ಮುಪ್ಪಿನಲ್ಲಿ ಅವನ ಹೊಟ್ಟೆಯ ಮೇಲ್ಭಾಗ ಜೋರಾಗಿ ಅದುರತೊಡಗಿತು. ವೈದ್ಯರು ಹೃದಯದ ಬಡಿತವೆಂದರು. ಅವನು ಅದುರುತ್ತಿರುವಾಗಲೇ ತನ್ನ ನಾಡಿ ಹಿಡಿದು ನೋಡಿದ: ನಾಡಿ ಎಂದಿನ ವೇಗದಲ್ಲೇ ಇತ್ತು. ಹಾಗಾದರೆ ಅದುರುವುದು ಹೃದಯವಲ್ಲ, ವಪೆ! ಇದನ್ನು ಲಂಡನ್ನಿನ ರಾಯಲ್ ಸೊಸೈಟಿ ಎಂಬ ವಿಜ್ಞಾನಿಗಳ ಸಂಘಕ್ಕೆ ಬರೆದು ತಿಳಿಸಿ, 1723ರಲ್ಲಿ ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡ. ಸಾಯುತ್ತಿದ್ದ ಮನುಷ್ಯ ತನ್ನ ಸಂಕಟವನ್ನು ಇಷ್ಟು ಸಮಾಧಾನದಿಂದ ಅಳೆದದ್ದು ನನಗೆ ಇಂದಿಗೂ ಬೆರಗು. ಇಂಥ ಅದುರಿಗೆ ವೈದ್ಯಲೋಕ ಅವನ ಹೆಸರನ್ನೂ ಇಟ್ಟಿದೆ.

1895ರಲ್ಲಿ ಕ್ಷಕಿರಣ ಬಂದ ಮೇಲೆ ಅವನು ಊಹಿಸಿದ್ದನ್ನು ಪರದೆಯ ಮೇಲೆ ಕಣ್ಣಾರೆ ಕಾಣುವಂತಾಯಿತು. ಈಗ ಅಲ್ಟ್ರಾಸೌಂಡ್ ಸಾಕು. ಉಸಿರಿನ ಲಯದ ಮೇಲೆ ಸಣ್ಣ ಅಲೆಗಳು ಸವಾರಿ ಮಾಡುವುದು ಗೊತ್ತಾಗುತ್ತದೆ. ಬಿಕ್ಕಳಿಕೆಯೂ ವಪೆಯದೇ ಸೆಳೆತ, ಆದರೆ ಅಲ್ಲಿ ಗಂಟಲು ತಟ್ಟನೆ ಮುಚ್ಚಿಕೊಂಡು ಸದ್ದಾಗುತ್ತದೆ. ಇಲ್ಲಿ ಆ ಸದ್ದಿಲ್ಲ.

ಕಾರಣ ಕೆಲವೊಮ್ಮೆ ಮಿದುಳಿನಲ್ಲಿರುತ್ತದೆ, ಕೆಲವೊಮ್ಮೆ ಕುತ್ತಿಗೆಯಿಂದ ವಪೆಗೆ ಇಳಿಯುವ ಫ್ರೆನಿಕ್ ನರದಲ್ಲಿ. ಎಷ್ಟೋ ಸಲ ಸಿಗುವುದೇ ಇಲ್ಲ. ರೋಗಿಗಳೇ ವಿರಳವಾದ್ದರಿಂದ ದೊಡ್ಡ ಪ್ರಯೋಗಗಳು ನಡೆದಿಲ್ಲ. ಬಿಡಿ ಬಿಡಿ ರೋಗಿಗಳ ಅನುಭವವೇ ಆಧಾರ. ಮೂರ್ಛೆರೋಗಕ್ಕೆ ಕೊಡುವ ಕಾರ್ಬಮೆಜಪಿನ್, ಫೆನಿಟೋಯಿನ್, ಕ್ಲೊನಜೆಪಾಮ್ ಕೆಲವರಲ್ಲಿ ಅದುರನ್ನು ತಗ್ಗಿಸಿವೆ. ಮಾತ್ರೆಗೆ ಬಗ್ಗದಿದ್ದರೆ ಆ ನರವನ್ನೇ ಮರಗಟ್ಟಿಸುವುದುಂಟು, ಅದೂ ಉಸಿರಾಟಕ್ಕೆ ಧಕ್ಕೆಯಾಗದಂತೆ ಬಹಳ ಎಚ್ಚರದಿಂದ.

ಮೂರ್ಛೆಯ ಈ ಮಾತ್ರೆಗಳು ಹೊಸವೂ ಅಲ್ಲ, ದುಬಾರಿಯೂ ಅಲ್ಲ. ಕೊರತೆಯಿರುವುದು, ಅದುರುತ್ತಿರುವುದು ವಪೆ ಇರಬಹುದೇ ಎಂಬ ಅನುಮಾನದ್ದು. ಅದುರು ಬಂದು ಹೋಗುವಂಥದ್ದಾದರೆ ವೈದ್ಯರ ಮುಂದೆ ಕುಳಿತಾಗ ಕಾಣಿಸದೆಯೂ ಇರಬಹುದು. ಆದ್ದರಿಂದ ಮನೆಯವರು ಹೊಟ್ಟೆ ಅದುರುವಾಗಲೇ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು, ಅದೇ ಹೊತ್ತಿಗೆ ಮಣಿಕಟ್ಟಿನ ನಾಡಿಯನ್ನು ಎಣಿಸಿ ಬರೆದುಕೊಂಡು, ಎರಡನ್ನೂ ನರರೋಗ ತಜ್ಞರಿಗೆ ತೋರಿಸಬೇಕು.