ಕೊಮ್ಮೇದಿಯಾ ಅಲ್ಲಿತಾಲಿಯಾನಾ: ಡೈವೋರ್ಸ್ ಇಲ್ಲದ ಊರಿನ ಡೈವೋರ್ಸ್ ಕಾಮಿಡಿ

ಕಳೆದ ವಾರ ಸಿನಿಮಾ ಗ್ರೂಪೊಂದರಲ್ಲಿ ಯಾರೋ ಒಂದು ಹೊಸ ಇಟಾಲಿಯನ್ ಸಿನಿಮಾವನ್ನು 'ಅಪ್ಪಟ ಕೊಮ್ಮೇದಿಯಾ ಅಲ್ಲಿತಾಲಿಯಾನಾ' ಎಂದು ಹೊಗಳಿದ್ದರು. ಇದು ಇಟಲಿಯ ಒಂದು ಬಗೆಯ ವ್ಯಂಗ್ಯದ ಕಾಮಿಡಿ ಸಿನಿಮಾಗಳಿಗಿರುವ ಹೆಸರು. ಆ ಹೊಸ ಸಿನಿಮಾದಲ್ಲಿ ಇರುವುದು ಇಷ್ಟೇ: ಗಂಡ ಹೆಂಡತಿ ಜಗಳ, ಕೋರ್ಟು, ಕೊನೆಗೆ ಸಮುದ್ರದ ದಂಡೆಯಲ್ಲಿ ರಾಜಿ. ಕೆಳಗೆ ಇನ್ನೊಬ್ಬರು, ಇದು 16ನೇ ಶತಮಾನದ ಮುಖವಾಡದ ನಾಟಕದಿಂದ ಬಂದ ಹೆಸರು ಎಂದು ಪಾಠ ಬೇರೆ ಮಾಡಿದ್ದರು. ಎರಡೂ ತಪ್ಪು. ಇದೇ ತಪ್ಪನ್ನು ಎಷ್ಟು ಸಲ ನೋಡಿದ್ದೇನೋ, ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ.

ಮುಖವಾಡದ ನಾಟಕ ಕೊಮ್ಮೇದಿಯಾ ದೆಲ್ಲಾರ್ತೆ. ಅದು ಬೇರೆ, ಇದು ಬೇರೆ. ಮೊದಲ ಪದ ಒಂದೇ ಅಂತ ಎರಡಕ್ಕೂ ಗಂಟು ಹಾಕುವುದಾದರೆ ಬೆಣ್ಣೆದೋಸೆಯೂ ಬೆಣ್ಣೆಹಣ್ಣೂ ಒಂದೇ ಆಗಬೇಕು, ಅಲ್ವಾ?

'ಅಲ್ಲಾ' ಮತ್ತು 'ಇತಾಲಿಯಾನಾ' ಸೇರಿ ಅಲ್ಲಿತಾಲಿಯಾನಾ ಆಗಿದೆ. ನಮ್ಮ ಲೋಪಸಂಧಿಯ ಹಾಗೆ ಮೊದಲ ಪದದ ಕೊನೆಯ ಸ್ವರ ಬಿದ್ದುಹೋಗಿದೆ. ಅರ್ಥ, ಇಟಲಿಯ ರೀತಿಯಲ್ಲಿ. ಅಡುಗೆಯಲ್ಲಿ ಇದು ಜಾಸ್ತಿ ಓಡಾಡುವ ಮಾತು. 'ಅಲ್ಲಾ ಮಿಲನೇಸೆ' ಅಂದರೆ ಮಿಲಾನ್ ಕಡೆಯವರು ಮಾಡುವ ಹಾಗೆ. ನಮ್ಮ ಹೋಟೆಲ್ ಬೋರ್ಡಿನ 'ಮಂಗಳೂರು ಸ್ಟೈಲ್' ಇದ್ದಂತೆ. ಆದರೆ ಸಿನಿಮಾಕ್ಕೆ ಈ ಬಾಲ ಅಂಟಿಸಿದ್ದು ಮೆನು ಕಾರ್ಡ್ ಅಲ್ಲ. 1961ರಲ್ಲಿ ನಿರ್ದೇಶಕ ಪಿಯೆತ್ರೊ ಜೆರ್ಮಿ ಒಂದು ಸಿನಿಮಾ ಮಾಡಿದ. ಹೆಸರು 'ದಿವೋರ್ತ್ಸಿಯೊ ಅಲ್ಲಿತಾಲಿಯಾನಾ', ಇಟಲಿ ಸ್ಟೈಲ್ ಡೈವೋರ್ಸ್. ತಮಾಷೆ ಏನೆಂದರೆ ಆಗ ಇಟಲಿಯಲ್ಲಿ ಡೈವೋರ್ಸೇ ಇರಲಿಲ್ಲ. ಆ ಕಾನೂನು ಬಂದಿದ್ದು 1970ರಲ್ಲಿ. (ನಮ್ಮ ಹಿಂದೂ ವಿವಾಹ ಕಾಯ್ದೆ 1955ರಲ್ಲೇ ಅವಕಾಶ ಕೊಟ್ಟಿತ್ತು.) ಕೋಳಿಯೇ ಸಿಗದ ಊರಿನಲ್ಲಿ 'ನಮ್ಮೂರ ಸ್ಟೈಲ್ ಕೋಳಿಸಾರು' ಅಂತ ಬೋರ್ಡು ಹಾಕಿದ ಹಾಗೆ. ಈ ಬಗೆಯ ಸಿನಿಮಾಗಳು 1958ರ ಹೊತ್ತಿಗೇ ಶುರುವಾಗಿದ್ದವು, ಹೆಸರು ಮಾತ್ರ ಇಲ್ಲಿಂದ ಸಿಕ್ಕಿತು.

ಹಾಗಾದರೆ ಹೆಂಡತಿ ಬೇಡವಾದವನು ಏನು ಮಾಡಬೇಕು? ನಟ ಮಾರ್ಚೆಲ್ಲೊ ಮಾಸ್ತ್ರೊಯಾನಿ ಈ ಸಿನಿಮಾದಲ್ಲಿ ಫೆಫೆ ಎಂಬ ಸಿಸಿಲಿಯ ಜಮೀನ್ದಾರ. ಚಿಕ್ಕ ವಯಸ್ಸಿನ ಸಂಬಂಧಿಕರ ಹುಡುಗಿಯ ಮೇಲೆ ಕಣ್ಣು. ಹೆಂಡತಿ ರೊಸಾಲಿಯಾ, ನಿಂಗೆ ನನ್ಮೇಲೆ ಎಷ್ಟು ಪ್ರೀತಿ ಅಂತ ಪೀಡಿಸುವವಳು. ಇವನು ಮನಸ್ಸಿನಲ್ಲೇ ಅವಳನ್ನು ಸೋಪು ಕುದಿಯುವ ಕಡಾಯಿಗೆ ಹಾಕಿ ತಿರುವುತ್ತಾನೆ. ಆಮೇಲೆ ದಂಡಸಂಹಿತೆಯ 587ನೇ ಕಲಂ ನೆನಪಾಗುತ್ತದೆ. ಹೆಂಡತಿ ಪರಪುರುಷನ ಜೊತೆ ಸಿಕ್ಕಿಬಿದ್ದು, ಆ ಸಿಟ್ಟಿನಲ್ಲಿ ಗಂಡ ಕೊಂದರೆ 3ರಿಂದ 7 ವರ್ಷ ಜೈಲು, ಅಷ್ಟೆ. ಸರಿ, ಅದಕ್ಕೊಬ್ಬ ಪರಪುರುಷ ಬೇಕಲ್ಲ? ಗಂಡನೇ ಹುಡುಕುತ್ತಾನೆ! ಚಿತ್ರಗಾರನೊಬ್ಬನನ್ನು ಮನೆಗೆ ಕರೆಸಿ, ಇಬ್ಬರನ್ನೇ ಬಿಟ್ಟು, ಟೇಪ್ ರೆಕಾರ್ಡರ್ ಬಚ್ಚಿಟ್ಟು, ಇನ್ನೂ ಏನೂ ಆಗಲಿಲ್ಲವಲ್ಲ ಅಂತ ಚಡಪಡಿಸುತ್ತಾನೆ. ಈ ಪದದ ಅರ್ಥ ಬೇಕಾದವರು ಆ ಚಡಪಡಿಕೆಯನ್ನು ನೋಡಿದರೆ ಸಾಕು.

ಇಲ್ಲಿ ನಗು ಗಂಡ ಹೆಂಡತಿ ಜಗಳದ ಮೇಲಲ್ಲ. ಮದುವೆ ಮುರಿಯಲು ಬಿಡದೆ ಕೊಲೆಗೆ ರಿಯಾಯಿತಿ ಕೊಡುವ ಕಾನೂನಿನ ಮೇಲೆ. ಹೆಂಡತಿ ಓಡಿಹೋದರೆ ಗಂಡನನ್ನು ಆಡಿಕೊಂಡು, ಕೊಂದ ಮೇಲೆ ಮರ್ಯಾದೆ ಕೊಡುವ ಊರಿನ ಮೇಲೆ. ಹಾಲಿವುಡ್ಡಿನ 1937ರ 'ದಿ ಆಫುಲ್ ಟ್ರೂತ್'ನಲ್ಲಿ ದಂಪತಿ ಕೋರ್ಟಿನಲ್ಲಿ ನಾಯಿಗಾಗಿ ಕಿತ್ತಾಡುತ್ತಾರೆ, ಡೈವೋರ್ಸ್ ಜಾರಿಗೆ ಬರಬೇಕಾದ ರಾತ್ರಿಯೇ ಒಂದಾಗುತ್ತಾರೆ. ಚೆಂದದ ಸಿನಿಮಾ, ನನಗೂ ಇಷ್ಟ. ಗ್ರೂಪಿನಲ್ಲಿ ಹೊಗಳಿದ ಆ ಸಮುದ್ರದ ದಂಡೆಯ ರಾಜಿಯ ಸಿನಿಮಾ ಸೇರಬೇಕಾದದ್ದು ಈ ಸಾಲಿಗೆ. ಅದು ಇಟಲಿಯಲ್ಲಿ ಶೂಟ್ ಆಯಿತು ಅಂತ ಸುಮ್ನೆ ಈ ಹೆಸರು ಹಚ್ಚಿದರೆ ಹೇಗೆ?

ಅಂದಹಾಗೆ, 587ನೇ ಕಲಂ ರದ್ದಾಗಿದ್ದು 1981ರಲ್ಲಿ. ಅಂದರೆ ಡೈವೋರ್ಸ್ ಬಂದ ಮೇಲೂ ಸುಮಾರು 11 ವರ್ಷ ಇಟಲಿಯಲ್ಲಿ ಎರಡೂ ದಾರಿ ತೆರೆದೇ ಇದ್ದವು.